ಏನಾದ್ರೂ ಸಿಗ್ತಾ?

(ಸೋಮವಾರಪೇಟೆಯ ಶಾಲೆಯೊಂದರ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಮಳೆ ಸದ್ದಿನಲ್ಲಿ ಹಿಂದಿನ ಸಾಲಿನವರಿಗೆ ಕೇಳದೇ ಹೋದ ಕೆಲವು ಮಾತುಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಬಾಗಿಲ ಹತ್ತಿರದ ಕೊಡೆ ರಾಶಿ ನೋಡಿದರೆ ಹೋಗುವಾಗ ಯಾರ ಕೊಡೆ ಯಾರ ಪಾಲಿಗೋ ಅಂತ ಯೋಚನೆ ಆಗುತ್ತಿದೆ.

ನನ್ನ ಪರಿಚಯ ಮಾಡಿಕೊಟ್ಟ ಮೇಷ್ಟ್ರು 'ಇವರು ಮೂವತ್ತೈದು ವರ್ಷ ಚಿನ್ನ ಹುಡುಕಿದವರು' ಅಂದರು. ಆ ಮಾತು ಕೇಳಿದ ಕೂಡಲೇ ಮುಂದಿನ ಸಾಲಿನ ಅಜ್ಜ ಒಬ್ಬರು ನನ್ನ ಕೈ ಬೆರಳು ನೋಡಿದರು. ಒಂದು ಉಂಗುರವೂ ಇಲ್ಲ. ಯಾಕಿಲ್ಲ ಅನ್ನೋದು ಒಂದು ಕಥೆ. ಆಮೇಲೆ ಹೇಳುತ್ತೇನೆ.

ನಾನು ಹುಟ್ಟಿದ್ದು ಇಲ್ಲೇ, ಮಾದಾಪುರದ ಕಡೆ. ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು ಆಗಿದ್ದರು. ತೋಟದೊಳಗೇ ಮನೆ. ದೊಡ್ಡ ಮಳೆ ಹೋದ ಮೇಲೆ ಮಣ್ಣು ದಾರಿಯಲ್ಲಿ ಮಿಣಮಿಣ ಅನ್ನುವ ಚೂರುಗಳು ಕಾಣುತ್ತಿದ್ದವು. ಉಗುರು ಹಾಕಿದರೆ ಈರುಳ್ಳಿ ಸಿಪ್ಪೆ ಹಾಗೆ ಪದರ ಪದರವಾಗಿ ಏಳುತ್ತಿತ್ತು. ಬೆಂಕಿಪೊಟ್ಟಣದಲ್ಲಿ ತುಂಬಿಕೊಂಡು ಹೋಗಿ ಅವ್ವನಿಗೆ ತೋರಿಸಿದೆ. 'ಅದು ಕಾಗೆ ಬಂಗಾರ ಕಣೋ. ಕಾಗೆಗೇ ಬಿಡು' ಅಂದಳು. ಅದಕ್ಕೆ ಅಭ್ರಕ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಮೈಕಾ ಅನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಆದರೆ ಹೊಳೆಯೋದೆಲ್ಲ ಬಂಗಾರ ಅಲ್ಲ ಅನ್ನೋ ಪಾಠ ಅವತ್ತೇ ಆಗಿಹೋಗಿತ್ತು. ಎಂಎಸ್ಸಿಯಲ್ಲಿ ಅದನ್ನೇ ಎರಡು ವರ್ಷ ಎಳೆದು ಹೇಳಿದರು, ಅಷ್ಟೇ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದಿದೆ. ಸರ್ಕಾರಿ ಕೆಲಸ ಸಿಕ್ಕಿತು. ಮೊದಲ ಕ್ಯಾಂಪು ರಾಯಚೂರು ಜಿಲ್ಲೆಯಲ್ಲಿ, ಹಟ್ಟಿ, ಮಸ್ಕಿ ಕಡೆ. ಕೊಡಗಿನ ಹುಡುಗನಿಗೆ ಆ ಬಿಸಿಲು ಹೇಗಿರಬೇಡ ಹೇಳಿ. ಮೊದಲ ವಾರ ಮೂಗಿನಿಂದ ರಕ್ತ ಬಂತು. ಟೆಂಟಿನಲ್ಲಿ ಚೇಳು. ನಮ್ಮಲ್ಲಿ ಜಿಗಣೆ ಇರುತ್ತದೆ, ಸದ್ದಿಲ್ಲದೆ ರಕ್ತ ಕುಡಿದು ಹೋಗುತ್ತದೆ, ಸಭ್ಯ ಪ್ರಾಣಿ. ಚೇಳು ಹಾಗಲ್ಲ.

ಕೈಯಲ್ಲಿ ಸುತ್ತಿಗೆ, ಕೊರಳಲ್ಲಿ ಲೆನ್ಸು, ಸೊಂಟದಲ್ಲಿ ಕಾಂಪಸ್ಸು, ಚೀಲದಲ್ಲಿ ಟೋಪೋಶೀಟು, ಅಂದರೆ ಆ ಸೀಮೆಯ ಸರ್ವೆ ನಕ್ಷೆ. ದಿನಕ್ಕೆ ಹದಿನೈದು ಕಿಲೋಮೀಟರ್ ನಡಿಗೆ. ಕಲ್ಲು ಕಂಡಲ್ಲಿ ಒಡೆಯೋದು, ನೋಡೋದು, ಬರೆಯೋದು, ಮುಂದೆ ಹೋಗೋದು. ಹೊಲದಲ್ಲಿದ್ದವರು ಕರೆದು ಕೇಳುತ್ತಿದ್ದರು, 'ಏನ್ ಹುಡುಕಾಕತ್ತೀರಿ ಸಾಹೇಬ್ರ?' ಚಿನ್ನ ಅಂತ ಹೇಳುವ ಹಾಗಿಲ್ಲ. ಹೇಳಿದರೆ ಮರುದಿನ ಹೊಲದ ರೇಟು ಏರುತ್ತದೆ. 'ನೀರು' ಅನ್ನುತ್ತಿದ್ದೆವು. ಅದಿನ್ನೂ ತಪ್ಪಾಯಿತು. ಎಲ್ಲರೂ ತಮ್ಮ ಹೊಲದಲ್ಲಿ ಬೋರ್‌ವೆಲ್ ಪಾಯಿಂಟ್ ತೋರಿಸಿ ಅಂತ ಹಿಂದೆ ಬಿದ್ದರು.

ಹಟ್ಟಿಯಲ್ಲಿ ನಮಗೆ ದಾರಿ ತೋರಿಸಿದವರು ಸತ್ತು ಎರಡು ಸಾವಿರ ವರ್ಷ ಆಗಿತ್ತು. ತಮಾಷೆ ಅಲ್ಲ. ಆ ಸೀಮೆಯಲ್ಲಿ ಹಳೇ ಕಾಲದವರು ತೋಡಿದ ಗುಂಡಿಗಳಿವೆ. ಹಟ್ಟಿಯಲ್ಲಿ ಅವರು ಸುಮಾರು 640 ಅಡಿ ಆಳಕ್ಕೆ ಇಳಿದಿದ್ದರು. ಡೈನಮೈಟ್ ಇಲ್ಲ, ಪಂಪಿಲ್ಲ, ಕರೆಂಟಿಲ್ಲ. ಬಂಡೆಗೆ ಬೆಂಕಿ ಹಾಕಿ ಕಾಯಿಸೋದು, ಬಿರುಕು ಬಿಟ್ಟ ಮೇಲೆ ಒಡೆದು ತೆಗೆಯೋದು. ಅಷ್ಟು ಕೆಳಗೆ ಸಿಕ್ಕ ಮರದ ತುಂಡಿನ ವಯಸ್ಸು ಲೆಕ್ಕ ಹಾಕಿದಾಗ ಎರಡು ಸಾವಿರ ವರ್ಷದ ಹತ್ತಿರ ಬಂತು. ಕಲ್ಲು ಅರೆದ ಒರಳುಗಳು ಇವತ್ತೂ ಬಯಲಿನಲ್ಲಿ ಬಿದ್ದಿವೆ. ಮಧ್ಯದಲ್ಲಿ ಗುಳಿ, ನಮ್ಮ ಅಡುಗೆಮನೆ ಒರಳಿನ ಹಾಗೇ. ನನ್ನ ಸೀನಿಯರ್ ಒಬ್ಬರು ಅಂಥ ಒಂದು ಒರಳ ಮೇಲೆ ಕೂತು ಬೀಡಿ ಹಚ್ಚಿ ಹೇಳಿದ್ದರು: 'ನಾವು ಹುಡುಕೋದು ಏನೂ ಇಲ್ಲ ಮಾರಾಯ, ಇವರು ಎಲ್ಲಿ ಬಿಟ್ಟರು ಅಂತ ನೋಡೋದು, ಅಷ್ಟೇ.'

ಮಸ್ಕಿ ಅಂದಾಗ ಇನ್ನೊಂದು ನೆನಪಾಯಿತು. ಅಶೋಕನ ಮಸ್ಕಿ ಶಾಸನ ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. 'ದೇವಾನಾಂಪ್ರಿಯ' ಅಂತ ಬರೆಸಿದ ರಾಜ ಅಶೋಕನೇ ಅಂತ ಹೆಸರು ಸಮೇತ ಮೊದಲು ತೋರಿಸಿಕೊಟ್ಟ ಶಾಸನ ಅದು. 1915ರಲ್ಲಿ ಅದನ್ನು ಕಂಡವನು ಬೀಡನ್ ಅನ್ನುವ ಚಿನ್ನದ ಗಣಿ ಎಂಜಿನಿಯರ್. ಅವನು ಆ ಸೀಮೆಗೆ ಬಂದಿದ್ದು ಚಿನ್ನದ ಕೆಲಸಕ್ಕೆ, ಕಣ್ಣಿಗೆ ಬಿದ್ದಿದ್ದು ಅಶೋಕ!

ನಮ್ಮ ಕಸುಬಿನಲ್ಲಿ ಇದು ಹೊಸತಲ್ಲ. ನಾನು ಬಹಳ ಮೆಚ್ಚುವ ಹಿರಿಯ ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿಗೆ ಜಿಯಲಾಜಿಕಲ್ ಸರ್ವೆಗೆ ಸೇರಿ 1891ರವರೆಗೆ ದಕ್ಷಿಣ ಭಾರತ ಸುತ್ತಿದವನು. ಜೀಪಿಲ್ಲ, ಕುದುರೆ ಮತ್ತು ಕಾಲು. 1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಜಲ್ಲಿ ಗುಂಡಿಯೊಂದನ್ನು ನೋಡುತ್ತಿದ್ದಾಗ ಅವನಿಗೊಂದು ಕಲ್ಲು ಸಿಕ್ಕಿತು. ಕಲ್ಲಲ್ಲ, ಆದಿಮಾನವ ಮಾಡಿದ ಕೈಗೊಡಲಿ. ಭಾರತದಲ್ಲಿ ಶಿಲಾಯುಗ ಇತ್ತು ಅನ್ನೋ ಮಾತು ಶುರುವಾಗಿದ್ದೇ ಅಲ್ಲಿಂದ. ಇವತ್ತು ನಾವು 'ಧಾರವಾಡ ಶಿಲೆಗಳು' ಅನ್ನುತ್ತೇವಲ್ಲ, ಹೊಟ್ಟೆಯಲ್ಲಿ ಚಿನ್ನ ಇಟ್ಟುಕೊಂಡ ಕಲ್ಲುಗಳು, ಆ ಹೆಸರು ಕೊಟ್ಟವನೂ ಅವನೇ.

ಫೂಟ್ ಗದಗದ ಕಪ್ಪತಗುಡ್ಡಕ್ಕೂ ಹೋಗಿದ್ದ. ಅಲ್ಲಿನ ಚಿನ್ನದ ಕಲ್ಲುಗಳ ಬಗ್ಗೆ 1874ರಲ್ಲಿ ಬರೆದ. ಆ ಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುವ ಜಲಗಾರರಿದ್ದರು. ಈಗ ಕಸ ಗುಡಿಸುವವರಿಗೆ ಜಲಗಾರ ಅನ್ನುತ್ತೇವೆ, ಆದರೆ ದೂಳು ತೊಳೆದು ಚಿನ್ನ ತೆಗೆಯುವವನು ಅನ್ನೋ ಅರ್ಥವೂ ಆ ಪದಕ್ಕಿದೆ. ಆ ಕೆಲಸವನ್ನು ನಾನು ಕಲಿತದ್ದು ಕಪ್ಪತಗುಡ್ಡದ ಬುಡದ ಒಬ್ಬ ಅಜ್ಜನಿಂದ. ಮರದ ಮರಿಗೆ, ನಮ್ಮ ಮನೆಯ ಮೊರದಷ್ಟು ಅಗಲ. ಅದರಲ್ಲಿ ಹಳ್ಳದ ಮರಳು ಹಾಕಿ ನೀರಿನೊಳಗೆ ಇಟ್ಟು ತಿರುಗಿಸಬೇಕು. ಜೋರಾಗಿ ಅಲ್ಲ, ಮಗುವಿನ ತೊಟ್ಟಿಲು ತೂಗುವಷ್ಟು. ಬಿಳಿ ಮರಳು ಅಂಚಿನಿಂದ ಹಾರಿ ಹೋಗುತ್ತದೆ. ಕರಿ ಮರಳು ಉಳಿಯುತ್ತದೆ. ಅಯಸ್ಕಾಂತ ಆಡಿಸಿದರೆ ಅದರಲ್ಲಿ ಮುಕ್ಕಾಲು ಪಾಲು ಮೀಸೆ ಹಾಗೆ ಅಂಟಿಕೊಂಡು ಬರುತ್ತದೆ. ಕೊನೆಗೆ ಒಂದು ಚಮಚದಷ್ಟು ಕೆಸರು. ಅದನ್ನು ಒಂದೇ ಒಂದು ಸಲ ಓರೆ ಮಾಡಿದಾಗ ಹಿಂದೆ ಉಳಿಯುತ್ತದೆ ನೋಡಿ, ಸಾಸಿವೆಯ ಸಿಪ್ಪೆಗಿಂತ ಸಣ್ಣದು, ಹಳದಿ. ನೀರಿಗಿಂತ ಚಿನ್ನ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಚಿಲ್ಲರೆ. ಲೆಕ್ಕ ಇಷ್ಟೇ. ಆದರೆ ನನ್ನ ಕೈಗೆ ಅದು ಬರೋಕೆ ಹನ್ನೊಂದು ದಿನ ಬೇಕಾಯಿತು. ಹತ್ತು ದಿನ ನಾನು ಚಿನ್ನವನ್ನೂ ಸೇರಿಸಿ ಹಳ್ಳಕ್ಕೆ ಚೆಲ್ಲುತ್ತಿದ್ದೆ. ಅಜ್ಜ ಕೆಳಗಡೆ ಕೂತು ನಾನು ಚೆಲ್ಲಿದ್ದನ್ನು ತೊಳೆದು ತೆಗೆಯುತ್ತಿದ್ದ!

ಕಲ್ಲಿನ ಚಿನ್ನ ಹೀಗೆ ಕಾಣುವುದಿಲ್ಲ. ಒಂದು ಟನ್ ಕಲ್ಲಿನಲ್ಲಿ ಮೂರು ನಾಲ್ಕು ಗ್ರಾಂ ಇದ್ದರೂ ಗಣಿ ನಡೆಸಬಹುದು. ಅಂದರೆ ಒಂದು ಸಣ್ಣ ಉಂಗುರಕ್ಕೆ ಒಂದು ಟನ್ ಕಲ್ಲು ಅರೆಯಬೇಕು. ಹಾಗಾಗಿ ನಾವು ಚಿನ್ನ ನೋಡುವುದಿಲ್ಲ, ಅದರ ನೆಂಟರನ್ನು ನೋಡುತ್ತೇವೆ. ಬೆಳ್ಳಗೆ ಹೊಳೆಯುವ ಬೆಣಚುಕಲ್ಲಿಗಿಂತ ಹೊಗೆ ಹಿಡಿದ ಹಾಗಿರುವ ಬೂದು ಬೆಣಚು ನಮಗೆ ಇಷ್ಟ. ಇನ್ನೊಂದು ನೆಂಟ ಆರ್ಸೆನೋಪೈರೈಟ್, ಬೆಳ್ಳಿ ಬಣ್ಣದ ಖನಿಜ. ಸುತ್ತಿಗೆಯಲ್ಲಿ ಹೊಡೆದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ಹಟ್ಟಿ ಕಡೆ ಡ್ರಿಲ್ಲಿಂಗ್ ಕ್ಯಾಂಪಿನಲ್ಲಿ ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿದ್ದರು. 'ಸಾರ್, ಕೋರ್ ಬಂತು.' ಕೋರ್ ಅಂದರೆ ಯಂತ್ರ ನೆಲದೊಳಗಿಂದ ಕೊರೆದು ತರುವ ಕಲ್ಲಿನ ಕೋಲು. ಅದನ್ನು ತೊಳೆದು ತಗಡಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಒದ್ದೆ ಇರುವಾಗಲೇ ನೋಡಬೇಕು, ಒಣಗಿದರೆ ಬಣ್ಣ ಸಾಯುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡುವುದು. ಕಪ್ಪು ಕಲ್ಲು, ಕಪ್ಪು ಕಲ್ಲು, ಕಪ್ಪು ಕಲ್ಲು. ಆಮೇಲೆ ಒಂದು ಮೊಳ ಬೂದು ಬೆಣಚು. ತುದಿಗೆ ಸಣ್ಣದಾಗಿ ಒಂದು ಏಟು, ಮೂಗಿಗೆ ಹಿಡಿದರೆ ಬೆಳ್ಳುಳ್ಳಿ. ಅವತ್ತು ನಿದ್ದೆ ಇಲ್ಲ. ಕೋಲನ್ನು ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ, ಅರ್ಧ ಪೆಟ್ಟಿಗೆಯಲ್ಲೇ. ರಿಪೋರ್ಟ್ ಬರಲು ಎರಡು ತಿಂಗಳು. ಬಂದಾಗ ಟನ್ನಿಗೆ 0.3 ಗ್ರಾಂ. ಅಂದರೆ ಏನೂ ಇಲ್ಲ.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಫೀಲ್ಡ್ ಮುಗಿಸಿ ಊರಿಗೆ ಬರುತ್ತಿದ್ದೆ. ಕಾಲು ತೊಳೆದು ಒಳಗೆ ಬರುವ ಮೊದಲೇ ಅವ್ವ ಕೇಳುತ್ತಿದ್ದಳು, 'ಏನಾದ್ರೂ ಸಿಗ್ತಾ?' ಇಲ್ಲ ಅನ್ನುತ್ತಿದ್ದೆ. ಆರನೇ ವರ್ಷವೋ ಏಳನೇ ವರ್ಷವೋ ಅವಳಿಗೆ ತಡೆಯೋಕೆ ಆಗಲಿಲ್ಲ. ಅಕ್ಕಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು, 'ಅಲ್ಲ ಕಣೋ, ಇಲ್ಲ ಅನ್ನೋದಕ್ಕೂ ನಿಂಗೆ ಸಂಬಳ ಕೊಡ್ತಾರಾ?'

ಕೊಡ್ತಾರೆ. ನಾನು ಜೀವನ ಮಾಡಿದ್ದೇ ಅದರಲ್ಲಿ. ಒಂದು ಜಾಗದಲ್ಲಿ ಇಲ್ಲ ಅಂತ ಸರಿಯಾಗಿ ಹೇಳಿದರೆ ಮುಂದಿನವನು ಅಲ್ಲಿ ದುಡ್ಡು ಸುರಿಯುವುದು ತಪ್ಪುತ್ತದೆ. 'ಇದೆ' ಅನ್ನೋಕೆ ಒಂದು ಒಳ್ಳೆಯ ಸ್ಯಾಂಪಲ್ ಸಾಕು ಅನ್ನಿಸುತ್ತದೆ. 'ಇಲ್ಲ' ಅನ್ನೋಕೆ ಇಡೀ ಗುಡ್ಡ ನಡೆಯಬೇಕು.

ಈಗ ಉಂಗುರದ ಕಥೆ. ಮದುವೆಯಾದ ಹೊಸತು. ಹಳ್ಳಗಳ ಹೂಳು ಮಣ್ಣನ್ನು ಜರಡಿ ಹಿಡಿದು ಸ್ಯಾಂಪಲ್ ಕಳಿಸುವ ಕೆಲಸ. ಇದರಲ್ಲಿ ಚಿನ್ನವನ್ನು ಅಳೆಯುವುದು ನೂರು ಕೋಟಿಗೆ ಎಷ್ಟು ಭಾಗ ಅಂತ. ಒಂದು ಹಳ್ಳದ ಮೂರು ಸ್ಯಾಂಪಲ್ ನೂರರ ಮೇಲೆ ಬಂತು. ಸುತ್ತಲೂ ಎರಡು, ಮೂರು. ಕ್ಯಾಂಪಿನಲ್ಲಿ ಹಬ್ಬ. ಮೇಲಿನವರು ಬಂದರು, ಟ್ರೆಂಚ್ ಹೊಡೆಸುವ ಮಾತಾಯಿತು. ಮತ್ತೆ ಸ್ಯಾಂಪಲ್ ತೆಗೆದರು, ಈ ಸಲ ಬೇರೆಯವರು ತೆಗೆದರು. ಎರಡು, ಮೂರು, ಎರಡು! ಕೊನೆಗೆ ಹಳೇ ಸೀನಿಯರ್ ನನ್ನ ಬಲಗೈ ಹಿಡಿದು ಎತ್ತಿ ಎಲ್ಲರಿಗೂ ತೋರಿಸಿದರು. ಮಾವ ಹಾಕಿದ ಹೊಸ ಉಂಗುರ. ಜರಡಿಯ ಮೇಲೆ ಬರಿಗೈಯಲ್ಲಿ ಮಣ್ಣು ಉಜ್ಜಿದ್ದೆನಲ್ಲ, ಉಂಗುರ ಸವೆದಿತ್ತು. ಲೆಕ್ಕ ಹಾಕಿ ನೋಡಿ, 50 ಗ್ರಾಂ ಮಣ್ಣಿನಲ್ಲಿ ನೂರು ಅಂತ ಬರೋಕೆ ಬೇಕಾಗಿದ್ದು ಒಂದು ಗ್ರಾಮಿನ ಎರಡು ಲಕ್ಷದಲ್ಲಿ ಒಂದು ಪಾಲು ಚಿನ್ನ. ನಾನು ಕಂಡುಹಿಡಿದ ಮೊದಲ ನಿಕ್ಷೇಪ ನನ್ನ ಮಾವನದು. ಅವತ್ತು ತೆಗೆದ ಉಂಗುರ ಮತ್ತೆ ಹಾಕಿಲ್ಲ. ಹೆಂಡತಿ ಒಂದು ವರ್ಷ ಮುನಿಸಿಕೊಂಡಿದ್ದಳು.

ಸಿಕ್ಕವರ ಕಥೆಯೂ ಸುಲಭ ಅಲ್ಲ. ಕುದುರೆಮುಖದ ಕಬ್ಬಿಣದ ಅದಿರನ್ನು ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಗಣಿ ಕಂಪನಿ ಆಗಿದ್ದು 1976ರಲ್ಲಿ. ನಡುವೆ 63 ವರ್ಷ. ಕಾಡು ಉಳಿಯಬೇಕು ಅಂತ 2005ರ ಕೊನೆಗೆ ಗಣಿ ನಿಂತಿತು. ಆ ಬೆಟ್ಟ, ಆ ಮಳೆ ನಮ್ಮದೇ ಥರ. ಅಲ್ಲಿ ಜಿಗಣೆ ಕಚ್ಚಿಸಿಕೊಂಡು ನಡೆದ ಅವರ ಬಗ್ಗೆ ನನಗೆ ಆಗಾಗ ಯೋಚನೆ ಬರುತ್ತದೆ. ನಿಮಗೆ ಗಣಿ ಬೇಕಿತ್ತೋ ಬೇಡವಾಗಿತ್ತೋ, ಅದು ಬೇರೆ ಚರ್ಚೆ. ನನಗೆ ಎರಡೂ ಕಡೆ ಮನಸ್ಸಿದೆ, ಇವತ್ತಿಗೂ ತೀರ್ಮಾನ ಆಗಿಲ್ಲ.

1993ರ ಖನಿಜ ನೀತಿ ಬಂದ ಮೇಲೆ ಖಾಸಗಿಯವರು ಬಂದರು. ನಾನೂ ಕೆಲವು ವರ್ಷ ಒಂದು ಕಂಪನಿಗೆ ಹೋದೆ. ಹೆಸರು ಬೇಡ. ಹೆಲಿಕಾಪ್ಟರಿನಿಂದ ಸರ್ವೆ, ಲ್ಯಾಪ್‌ಟಾಪು, ಒಳ್ಳೆ ಸಂಬಳ. ಆದರೆ ಅಲ್ಲಿ 'ಇಲ್ಲ' ಅನ್ನೋ ಪದ ಯಾರಿಗೂ ಬೇಡ. ಒಂದು ರಿಪೋರ್ಟಿನಲ್ಲಿ 'ಇಲ್ಲಿ ಮುಂದುವರಿಯುವುದು ವ್ಯರ್ಥ' ಅಂತ ಬರೆದಿದ್ದೆ. ಅಚ್ಚಾಗಿ ಬಂದಾಗ ಅದು 'ಇನ್ನಷ್ಟು ಅಧ್ಯಯನಕ್ಕೆ ಅವಕಾಶವಿದೆ' ಆಗಿತ್ತು. ಕೆಳಗೆ ನನ್ನ ಹೆಸರು. ಅದಾಗಿ ಮೂರು ತಿಂಗಳಿಗೆ ಕಂಪನಿ ಬಿಟ್ಟು ಬಂದೆ. ಬಿಟ್ಟಿದ್ದಕ್ಕೆ ಬೇಜಾರಿಲ್ಲ, ಆ ಮೂರು ತಿಂಗಳು ಸುಮ್ನೆ ಇದ್ದೆನಲ್ಲ, ಅದಕ್ಕೆ ಬೇಜಾರು.

ಇದೂ ಹಳೇ ರೋಗವೇ. ನಮ್ಮ ಪಕ್ಕದ ವಯನಾಡಿನಲ್ಲಿ 1880ರ ಸುಮಾರಿಗೆ ಚಿನ್ನದ ಹುಚ್ಚು ಹಿಡಿದಿತ್ತು. ದೇವಾಲ, ಪಂದಲೂರು ಕಡೆ. ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿ ಹುಟ್ಟಿದವು. ನಲವತ್ತು ಲಕ್ಷ ಪೌಂಡಿಗೂ ಜಾಸ್ತಿ ಬಂಡವಾಳ. ಕಾಫಿ ತೋಟಗಳನ್ನೇ ಚಿನ್ನದ ಗಣಿ ಅಂತ ಮಾರಿದರು. ಎರಡು ಮೂರು ವರ್ಷದಲ್ಲಿ ಎಲ್ಲ ಮುಳುಗಿತು. ಚಿನ್ನ ಇರಲಿಲ್ಲ ಅಂತಲ್ಲ, ಇತ್ತು, ಅಷ್ಟು ಇರಲಿಲ್ಲ. ಮೊನ್ನೆ ಮೊನ್ನೆ ಮಂಡ್ಯದ ಲಿಥಿಯಂ ಸುದ್ದಿ ನೋಡಿದಿರಲ್ಲ. 2020ರಲ್ಲಿ ಪತ್ರಿಕೆಗಳಲ್ಲಿ 14,100 ಟನ್ ಅಂತ ಬಂತು. ಮರುವರ್ಷ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು 1,600 ಟನ್. ಮೊದಲನೆಯದು ದಪ್ಪ ಅಕ್ಷರದಲ್ಲಿ ಬಂದಿತ್ತು.

ಸರಿ, ನೀವೆಲ್ಲ ಕಾಯುತ್ತಿರುವ ಪ್ರಶ್ನೆಗೆ ಬರುತ್ತೇನೆ. ನಮ್ಮ ಕೊಡಗಿನ ಕೆಳಗೆ ಏನಿದೆ?

ಕಲ್ಕತ್ತೆಯಲ್ಲಿ ಜಾಬ್ ಚಾರ್ನಾಕ್ ಎಂಬ ಈಸ್ಟ್ ಇಂಡಿಯಾ ಕಂಪನಿ ಏಜೆಂಟನ ಸಮಾಧಿ ಇದೆ. ಆ ಸಮಾಧಿಯ ಕಲ್ಲು ಮದ್ರಾಸಿನ ಕಡೆಯದು. 1893ರಲ್ಲಿ ಥಾಮಸ್ ಹಾಲೆಂಡ್ ಎಂಬ ವಿಜ್ಞಾನಿ ಅದನ್ನು ನೋಡಿ ಅಂಥ ಕಲ್ಲಿಗೆ ಚಾರ್ನೊಕೈಟ್ ಅಂತ ಹೆಸರಿಟ್ಟ. ಫೂಟನಿಗೆ ಕೈಗೊಡಲಿ ಸಿಕ್ಕ ಪಲ್ಲಾವರಂನ ಗುಡ್ಡಗಳದ್ದೂ ಇದೇ ಕಲ್ಲು. ನಮ್ಮ ಕೊಡಗಿನಲ್ಲೂ ಇದು ಧಾರಾಳ. ಹೊಸದಾಗಿ ಒಡೆದರೆ ಎಣ್ಣೆ ಸವರಿದ ಹಾಗೆ ಕಪ್ಪು ಹಸಿರು ಮಿನುಗುತ್ತದೆ. ನೆಲದ ಬಹಳ ಆಳದಲ್ಲಿ, ಭಾರೀ ಕಾವಿನಲ್ಲಿ ಹದವಾದ ಕಲ್ಲು. ವಯಸ್ಸು 300 ಕೋಟಿ ವರ್ಷಕ್ಕೂ ಜಾಸ್ತಿ. ಕೋಲಾರದ ಚಿನ್ನದ ಪಟ್ಟಿ ಇದಕ್ಕಿಂತ ಚಿಕ್ಕದು, ಸುಮಾರು 270 ಕೋಟಿ. ಹಟ್ಟಿ, ಕೋಲಾರ, ಗದಗದಲ್ಲಿ ಚಿನ್ನ ಕೂತಿರುವುದು ಹಳೇ ಲಾವಾ ಹರಿದು ಆದ ಕಪ್ಪು, ಹಸಿರು ಕಲ್ಲಿನ ಪಟ್ಟಿಗಳಲ್ಲಿ. ಅಂಥ ದೊಡ್ಡ ಪಟ್ಟಿ ನಮ್ಮಲ್ಲಿಲ್ಲ. ಹಾಗಾಗಿ ಉತ್ತರ ಅವ್ವನಿಗೆ ಹೇಳಿದ್ದೇ.

ಹರಳು ಕಲ್ಲಿನ ವಿಷಯ ಕೇಳುತ್ತೀರಿ, ಗೊತ್ತು. ಭಾಗಮಂಡಲದ ಕಡೆ ಕಾಡಿನಲ್ಲಿ ಕದ್ದು ತೋಡುವವರ ಸುದ್ದಿ ಪೇಪರಿನಲ್ಲಿ ಬರುತ್ತಿರುತ್ತದೆ. ಜೇಬಿನಿಂದ ತೆಗೆದು ನನಗೆ ತೋರಿಸಿದವರೂ ಇದ್ದಾರೆ. ನಾನು ನೋಡಿದ್ದು ಹೆಚ್ಚಾಗಿ ಗಾರ್ನೆಟ್ ಅನ್ನುವ ಕೆಂಪು ಹರಳು. ಮಾಣಿಕ್ಯ ಅಲ್ಲ. ಮಾಣಿಕ್ಯ ಆಗಬೇಕಾದರೆ ಅದು ಕುರುಂದ ಅನ್ನುವ ಬಹಳ ಗಟ್ಟಿ ಖನಿಜ ಆಗಿರಬೇಕು, ಗಾಜನ್ನೂ ಬೆಣಚನ್ನೂ ಗೀರಬೇಕು. ಬೆಣಚಿನ ಮೇಲೆ ಗಾರ್ನೆಟ್ಟೂ ಸಲ್ಪ ಗೀರುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ.

ಊರಿಗೆ ವಾಪಸ್ ಬಂದ ಮೇಲೆ ನನ್ನ ಸುತ್ತಿಗೆಗೆ ಕೆಲಸ ಇರಲಿಲ್ಲ. 2018ರ ಆಗಸ್ಟ್ ಬಂತು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಎಲ್ಲ ಕಡೆ ಗುಡ್ಡ ಕುಸಿಯಿತು. ನಿಮಗೆ ನಾನು ಹೇಳಬೇಕಾಗಿಲ್ಲ, ನಿಮ್ಮಲ್ಲಿ ಕೆಲವರು ಮನೆ ಕಳೆದುಕೊಂಡವರೇ ಇದ್ದೀರಿ. ಮಳೆ ನಿಂತ ಮೇಲೆ ಕುಸಿದ ಗುಡ್ಡಗಳನ್ನು ನೋಡುತ್ತಾ ನಡೆದೆ. ಜೀವಮಾನವಿಡೀ ಮಣ್ಣು ಸರಿಸಿ ಕಲ್ಲು ನೋಡಿದವನು ಮೊದಲ ಸಲ ಮಣ್ಣನ್ನೇ ನೋಡಿದೆ. ಮೇಲೆ ಒಂದಡಿ ಕಪ್ಪು ಮಣ್ಣು. ಅದರ ಕೆಳಗೆ ಕೆಂಪು. ಅದರ ಕೆಳಗೆ ಹಳದಿ, ಬಿಳಿ. ಅದರಲ್ಲಿ ಕಲ್ಲಿನ ಗೆರೆಗಳು ಹಾಗೇ ಇವೆ, ದೂರದಿಂದ ಬಂಡೆ ಅನ್ನಬೇಕು. ಉಗುರು ಹಾಕಿದರೆ ಉದುರುತ್ತದೆ. ನಮ್ಮ ಮಳೆಗೆ, ಲಕ್ಷಾಂತರ ವರ್ಷಕ್ಕೆ, ಬಂಡೆ ನಿಂತಲ್ಲೇ ಮಣ್ಣಾಗಿದೆ. ಕೆಲವು ಕಡೆ ಹತ್ತಾರು ಮೀಟರ್ ದಪ್ಪ. ಅದರ ಬುಡದಲ್ಲಿ ಗಟ್ಟಿ ಕಲ್ಲು. ಎರಡೂ ಸೇರುವ ಜಾಗದಲ್ಲಿ ನೀರು ಜಿನುಗುತ್ತಿತ್ತು, ಮಳೆ ನಿಂತು ಹತ್ತು ದಿನ ಆದರೂ. ನಾಲ್ಕಾರು ದಿನ ಬಿಡದೆ ಸುರಿದರೆ ಆ ಮಣ್ಣು ನೀರು ಕುಡಿದು ಭಾರ ಆಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಅದರ ಕಾಲನ್ನು ನಾವು ಮೊದಲೇ ಜೆಸಿಬಿಯಲ್ಲಿ ಕಡಿದಿರುತ್ತೇವೆ, ರಸ್ತೆಗೋ, ಮನೆ ಸೈಟಿಗೋ. ಕುಸಿದ ಜಾಗಗಳಲ್ಲಿ ಎಷ್ಟೋ ಕಡೆ ಇಂಥ ಕಡಿತ ಇತ್ತು.

ಆಮೇಲೆ ಜನ ಕರೆಯತೊಡಗಿದರು. 'ಸಾರ್, ಒಂಚೂರು ಬಂದು ನೋಡಿ.' ಮನೆ ಹಿಂದಿನ ದಿಣ್ಣೆ ಮೇಲೆ ಹೊಸ ಬಿರುಕು ಇದೆಯಾ? ಬೇಲಿ ಕಂಬ, ಸಿಲ್ವರ್ ಮರ ವಾಲಿದೆಯಾ? ತಿಳಿಯಾಗಿದ್ದ ಒರತೆ ಕೆಂಪಾಯಿತಾ, ಇದ್ದಕ್ಕಿದ್ದ ಹಾಗೆ ನಿಂತಿತಾ? ಇಷ್ಟು ನೋಡುತ್ತೇನೆ. ಸೈಟ್ ತೋರಿಸಿ 'ಕಟ್ಟಬಹುದಾ?' ಅಂತ ಕೇಳುತ್ತಾರೆ. ಹತ್ತರಲ್ಲಿ ಆರು ಕಡೆ ಬೇಡ ಅಂದಿದ್ದೇನೆ. ಒಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಒಬ್ಬರು ಕಟ್ಟಿದ್ದಾರೆ. ಆ ಮನೆ ಇನ್ನೂ ಚೆನ್ನಾಗಿದೆ. ಜೋರು ಮಳೆ ಬಂದ ರಾತ್ರಿ ನನಗೆ ಆ ಮನೆ ನೆನಪಾಗುತ್ತದೆ.

(ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಪ್ರಶ್ನೆಗಳು ಸುಮಾರು ಬಂದವು, ಅರ್ಧ ಬೋರ್‌ವೆಲ್ ಪಾಯಿಂಟಿನ ಬಗ್ಗೆಯೇ. ಎಲ್ಲ ಮುಗಿದು ಜನ ಕೊಡೆ ಹುಡುಕುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಬೆಂಕಿಪೊಟ್ಟಣ ಅಲ್ಲ, ಜಾಮೆಟ್ರಿ ಬಾಕ್ಸು. ಒಳಗೆ ಹೆಬ್ಬೆಟ್ಟಿನಷ್ಟು ಕಪ್ಪು ಕಲ್ಲು, ಭಾರ, ಮೇಲೆಲ್ಲ ಗುಳ್ಳೆ ಗುಳ್ಳೆ ತೂತು. ಉಲ್ಕೆ ಇರಬಹುದು ಅಂತ ಅವಳ ಅಣ್ಣ ಹೇಳಿದ್ದನಂತೆ. ಉಲ್ಕೆ ಅಲ್ಲ. ಕಬ್ಬಿಣದ ಕಿಟ್ಟ. ಯಾರೋ ಯಾವ ಕಾಲದಲ್ಲೋ ಅದಿರು ಕರಗಿಸಿ ಕಬ್ಬಿಣ ತೆಗೆದು ಉಳಿದದ್ದನ್ನು ಎಸೆದಿದ್ದಾರೆ. 'ಇದು ಎಲ್ಲಿ ಸಿಕ್ತು?' ಅಂದೆ. 'ನಮ್ಮ ಗದ್ದೆ ಮೇಲಿನ ಬಾಣೆಯಲ್ಲಿ ಸಾರ್. ಇನ್ನೂ ರಾಶಿ ಇದೆ.' ನಾಳೆ ಭಾನುವಾರ, ಮಳೆ ಬಿಟ್ಟರೆ ಎಂಟು ಗಂಟೆಗೆ ಬರುತ್ತೇನೆ ಅಂತ ಅವಳ ಅಪ್ಪನಿಗೆ ಹೇಳಿ ಬಂದಿದ್ದೇನೆ. ಸುತ್ತಿಗೆ ಎಲ್ಲಿಟ್ಟೆ ಅಂತ ನೋಡಬೇಕು.)